ಏಲಂ

ಉಪ್ಪಳದ ನರ್ಸಿಂಗ್ ಹೋಮು, ಹಿಂಬದಿಯ ಕತ್ತಲ ಕೋಣೆ.
ಸೀಸದ ಏಪ್ರನ್ನಿನ ಭಾರಕ್ಕೆ ಹೆಗಲು ಬಗ್ಗಿದ ನಾನು,
ಮಣಿಕಟ್ಟು ಊದಿಸಿಕೊಂಡು ಕೂತ ಅಂದುಂಞಿಚ್ಚ,
ಮಂಜೇಶ್ವರ ಬಂದರಿನಲ್ಲಿ ಮೀನಿನ ಏಲಂ ಕೂಗುವವರು.
ಐಸಿನ ಪೆಟ್ಟಿಗೆ ಎತ್ತುವಾಗ ಜಾರಿದರಂತೆ.

"ಎಷ್ಟಾಗ್ತದೆ?"
ಮುನ್ನೂರೈವತ್ತು, ಅಂದೆ.
"ಅದಲ್ಲ ಮಾರಾಯ್ತಿ. ಈ ಬೆಳಕಿಗೆ ಎಷ್ಟು?
ಚರ್ಮ ದಾಟಿ ಎಲುಬು ಎಣಿಸುವ ಬೆಳಕಿಗೆ?"

ಅವರ ಲೆಕ್ಕದಲ್ಲೇ ಹೇಳಬೇಕು.
ಕಿಟಕಿಯಾಚೆ ಬಸಳೆ ಚಪ್ಪರದ ಮೇಲೆ ಬಿದ್ದಿದೆಯಲ್ಲ ಬಿಸಿಲು,
ಅದರ ಒಂದೊಂದು ಕಣಕ್ಕೂ ಎರಡು ರೂಪಾಯಿ ಎಂದಿಟ್ಟುಕೊಳ್ಳಿ.
ಎರಡಕ್ಕೆ ತುಸು ಕಮ್ಮಿಗೆ ಕೆಂಪು,
ಮೂರು ದಾಟಿತೋ, ನೇರಳೆಯೂ ಬಾಗಿಲು ಹಾಕಿತು.
ಅಷ್ಟೇ ನಮ್ಮ ಕಣ್ಣಿನ ಸಂತೆ.
ಹೆಂಡತಿಯ ಮುಖ, ಕಡಲು,
ಬಂಗುಡೆಯ ಬೆನ್ನ ಮೇಲಿನ ಹಸಿರು ಗೆರೆ
ಎಲ್ಲ ಆ ಒಂದೂಕಾಲು ರೂಪಾಯಿಯ ಚಿಲ್ಲರೆಯೊಳಗೆ.

ನರ್ಸುಗಳ ಮೇಜಿನ ರೇಡಿಯೋಕ್ಕೆ ಮಂಗಳೂರಿನಿಂದ ಬರುವುದು
ರೂಪಾಯಿಯನ್ನು ಇಪ್ಪತ್ತೈದು ಲಕ್ಷ ಚೂರು ಮಾಡಿದರೆ ಒಂದು ಚೂರು.
ತಲಪಾಡಿ ಗೇಟಿನಲ್ಲಿ ಯಾರೂ ಕೈ ಅಡ್ಡ ಹಿಡಿಯುವುದಿಲ್ಲ.
ನಿಮ್ಮ ಕೈಗೆ ಈಗ ಬಿಟ್ಟದ್ದು
ಇಪ್ಪತ್ತು, ಮೂವತ್ತು, ಐವತ್ತು ಸಾವಿರದವರೆಗಿನದು.

"ಅರ್ಧ ಕೊಡ್ತದಾ?"
ಇಲ್ಲ. ಬುಟ್ಟಿ ಎಷ್ಟು ಸಣ್ಣದೂ ಇರಬಹುದು,
ಅರ್ಧ ಬುಟ್ಟಿ ಸಿಗದು.

"ಮೇಲೆ?"
ಅವರ ದನಿ ಆಗಲೇ ಬಂದರಿಗೆ ಹೋಗಿತ್ತು.
ಮೇಲೆ ಗಾಮಾ. ಕೋಟಿ, ನೂರು ಕೋಟಿ.
ಸತ್ತ ನಕ್ಷತ್ರವೊಂದರ ಚಿಂದಿಯಿಂದ ಹೊರಟು
ಸಾವಿರ ಲಕ್ಷ ಕೋಟಿಯ ಒಂದೇ ಒಂದು ಕಣ
ಭೂಮಿಯ ಗಾಳಿಗೆ ಬಡಿದದ್ದನ್ನು ಲೆಕ್ಕ ಹಿಡಿದಿದ್ದಾರೆ.

"ಒರು ತರಂ," ಅಂದರು, ನೋವಿನಲ್ಲೂ. "ರಂಡು ತರಂ..."
ಮೂರು ಕೂಗಿದವರು ಇನ್ನೂ ಇಲ್ಲ, ಅಂದೆ.
ಎಲ್ಲಿ ಕೂಗಬೇಕೆಂದೂ ಯಾರಿಗೂ ಗೊತ್ತಿಲ್ಲ.

"ಹಾಗಾದ್ರೆ ಕೆಳಗೆ?"
ಕೆಳಗೂ ತಳ ಕಾಣದು.
ಅಲೆ ಉದ್ದವಾದಷ್ಟೂ ಬೆಲೆ ಇಳಿಯುತ್ತದೆ:
ಇಲ್ಲಿಂದ ಲಕ್ಷದ್ವೀಪಕ್ಕೆ ಒಂದೇ ಅಲೆ,
ಇಲ್ಲಿಂದ ಚಂದ್ರನಿಗೆ ಒಂದೇ ಅಲೆ.
ಸೊನ್ನೆಗೆ ಮಾತ್ರ ಕೊಡುವುದಿಲ್ಲ.
ಸೊನ್ನೆ ಎಂದರೆ ಬುಟ್ಟಿಯೇ ದಡಕ್ಕೆ ಬಂದಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದರು.
ತೆರೆಯ ಮೇಲೆ ಬೆರಳಿಟ್ಟು ತೋರಿಸಿದೆ, ಬಿಳಿ ಎಲುಬಿನಲ್ಲಿ
ಕೂದಲೆಳೆಯಷ್ಟು ಕಪ್ಪು.
ಆರು ವಾರ ಪ್ಲಾಸ್ಟರ್. ಈ ಕೈ ಎತ್ತುವಂತಿಲ್ಲ.

"ಎಡಗೈ ಉಂಟಲ್ಲ," ಅಂದರು,
ಹೊರಗಿನ ಎರಡು ರೂಪಾಯಿಯ ಬಿಸಿಲಿಗೆ
ಕಣ್ಣು ಕಿರಿದು ಮಾಡಿಕೊಂಡು.