ನಲವತ್ತೊಂದನೆಯ ಬಿಲ್ಲೆ

ಕಾರ್ನ್‌ವಾಲ್‌ನ ತುದಿ. ಚಾಪೆಲ್ಲಿನ ಹಿಂಗೋಣೆ,
ಗುರುವಾರ ಸಂಜೆ ಏಳು. ಹೀಟರು ಕೆಮ್ಮುತ್ತದೆ.
ಲವ್‌ಡೇ ಟ್ರೆಂಬಾತ್, ವಯಸ್ಸು ಎಪ್ಪತ್ತೆರಡು,
ಮೇಜಿನ ಮೇಲೆ ಒಂದು ಪೆನ್ನಿ ಇಟ್ಟು
ಅದರ ಮೇಲೆ ಬಸಿ ಬೋರಲು ಹಾಕಿ
ಕೇಳುತ್ತಾಳೆ: ನಾಣ್ಯ ಎಲ್ಲಿದೆ?

‘ಅಂಡರ್’ ಅನ್ನುತ್ತಾನೆ ತೊದೋರ್, ಹೂಕೋಸು ಕಡಿಯುವವ.
ಸರಿ. ಮೇಲೊಂದು ಮುಚ್ಚಿಗೆ ಇದ್ದರೆ ಅಂಡರ್.
ಹಾಸಿಗೆ, ಕೊಡೆ, ಸಾಲ, ಒಬ್ಬ ಮೇಸ್ತ್ರಿ.

‘ಬಿಲೋ’ ಬೇರೆ. ಅದಕ್ಕೆ ಮುಚ್ಚಿಗೆ ಬೇಡ, ಒಂದು ಗೆರೆ ಸಾಕು:
ಸೊನ್ನೆಗಿಂತ ಕೆಳಗಿಳಿದ ಪಾದರಸ,
ಕೆಸರಿನಲ್ಲಿ ಮೊಣಕಾಲಿಗಿಂತ ಕೆಳಗೇ ನಿಂತ ಬೂಟು.

‘ಬಿನೀತ್’ಗೆ ಬಂದಾಗ ತುಸು ತಡೆಯುತ್ತಾಳೆ.
ಹಳೇ ಪದ, ಭಾನುವಾರದ ಕೋಟು ತೊಟ್ಟ ಪದ.
ಮಣ್ಣಿಗೆ ಹೊಂದುತ್ತದೆ. ಸೊಕ್ಕಿಗೂ.

ಮಿಗ್ಲೆ ಕೈ ಎತ್ತಿದಳು. ಡ್ಯಾಫೊಡಿಲ್ಲಿನ ಸೊನೆ ತಾಗಿ
ಬೆರಳ ಸಂದೆಲ್ಲ ಕೆಂಪು ಗುಳ್ಳೆ.
‘ನಾನು ಮಿಸ್ಟರ್ ಪಾಸ್ಕೋ ಅಂಡರ್ ಕೆಲಸ ಮಾಡುವವಳು.
ಹಾಗಾದರೆ ನಾನು ಅವನಿಗಿಂತ ಬಿಲೋನಾ?
ನಮ್ಮ ಕ್ಯಾರವಾನಿನಲ್ಲಿ ಚಹಾ ಕುಡಿ ಅಂದರೆ ಅವನು ನಕ್ಕ.
ಆ ನಗುವಿನ ಹೆಸರು ಬಿನೀತಾ?’

ಯಾರೋ ಕುರ್ಚಿ ಎಳೆದರು.
‘ಅಂಡರ್, ಹೌದು. ಸಂಬಳದ ಚೀಟಿ ಎಷ್ಟುದ್ದವೋ ಅಷ್ಟು.
ಬಿಲೋ, ಇಲ್ಲ. ಬರೆದುಕೋ. ದೊಡ್ಡದಾಗಿ ಬರೆ, ಇಲ್ಲ.
ಬಿನೀತ್ ಅವನದು, ಅವನೇ ಇಟ್ಟುಕೊಳ್ಳಲಿ.’

ಆಮೇಲೆ, ಪಾಠದಲ್ಲಿ ಇಲ್ಲದ್ದು:
ಅವಳಪ್ಪ ಇಳಿಯುತ್ತಿದ್ದ ತವರದ ಗಣಿ
ದಡ ದಾಟಿ, ಕಡಲ ತಳ ಕೊರೆದು ಮುಕ್ಕಾಲು ಮೈಲಿ ಹೋಗಿತ್ತು.
ಬಿರುಗಾಳಿಯ ದಿನ ನೆತ್ತಿಯ ಮೇಲೆ
ಬಂಡೆ ಉರುಳುವ ಸದ್ದು ಕೇಳುತ್ತಿತ್ತಂತೆ, ಊಟದ ಹೊತ್ತಿಗೂ.
ಇಳಿದವರ ಹಿತ್ತಾಳೆ ಬಿಲ್ಲೆಗಳು ಹಲಗೆಗೆ ತೂಗುತ್ತಿದ್ದವು.
ಹಲಗೆಯ ನೆತ್ತಿಗೆ ಬರೆದಿತ್ತು: ಬಿಲೋ.
ಹತ್ತಿ ಬಂದವನು ತನ್ನದನ್ನು ಕಳಚಿಕೊಳ್ಳಬೇಕು.
ನಲವತ್ತೊಂದನೆಯದು ಹಾಗೇ ಉಳಿಯಿತು.

‘ಕಡಲಿಗಿಂತ ಬಿಲೋ. ಕಲ್ಲಿನ ಅಂಡರ್.
ಅಮ್ಮನ ಪ್ರಾರ್ಥನೆಯಲ್ಲಿ ಬಿನೀತ್.
ಯಾವುದು ಸರಿಯೋ ನನಗಿನ್ನೂ ಗೊತ್ತಿಲ್ಲ.
ಪರೀಕ್ಷೆಗೆ ಬರುವುದಿಲ್ಲ, ಬಿಡಿ.’

ಮಿಗ್ಲೆ ಎದ್ದು ಬೋರ್ಡಿನ ಮೂಲೆಯಲ್ಲಿ
ತನ್ನ ಲಿಥುವೇನಿಯದ ಪುಟ್ಟ ಪದವೊಂದನ್ನು ಬರೆದಳು.
‘ಪೋ. ಕೆಳಗೆ ಅನ್ನಲೂ ನಮಗೆ ಇದೇ,
ನಂತರ ಅನ್ನಲೂ ಇದೇ.
ಕಲ್ಲಿನ ಕೆಳಗೆ. ಅಪ್ಪನ ನಂತರ.’

ಲವ್‌ಡೇ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು.
ಮೂಲೆಯೊಂದನ್ನು ಬಿಟ್ಟು ಉಳಿದಿದ್ದನ್ನೆಲ್ಲ ಒರೆಸಿದಳು.
ಭಾನುವಾರ ಬೈಬಲ್ ಪಾಠಕ್ಕೆ ಬಂದ ಮಕ್ಕಳು
ಇದು ಯಾರ ಹೆಸರು ಅಂತ ಕೇಳಿದರಂತೆ.