ನೂರ ತೊಂಬತ್ತೆರಡನೆಯ ಚೀಟಿ

ಚೀಟಿಗೆ ಹದಿನಾರು ಪೆಸೊ ಎಂದು ಮಾತಾಗಿತ್ತು.
ಮುನ್ನೂರ ನಲವತ್ತು ಚೀಟಿ. ಒಂದೊಂದರ ಮೇಲೂ
ಯಾರದೋ ದನಿಗೆ ಒಂದೇ ಒಂದು ಪದ,
ಎವರಿಸ್ತೊ ಲರ್ರಾನ್ಯಾಗನ ಇರುವೆ ಸಾಲಿನಂಥ ಅಕ್ಷರದಲ್ಲಿ.

ಪಾಯ್‌ಸಾಂದೂವಿನ ನಮ್ಮ ರೇಡಿಯೊ ಬಾಗಿಲು ಮುಚ್ಚಿತು,
ಟೇಪುಗಳನ್ನು ಸ್ಕಾಟ್ಲೆಂಡಿನ ಒಂದು ದನಿಭಂಡಾರ ಕೊಂಡಿತು.
ಅವರಿಗೆ ಇಂಗ್ಲಿಷ್ ಬೇಕು. ನನಗೆ ಬರುವ ಇಂಗ್ಲಿಷ್
ಮಾಂಸದ ಕಾರ್ಖಾನೆಯ ರಫ್ತು ಕಾಗದದ್ದು:
ಮೂಳೆ ಬಿಡಿಸಿದ್ದು, ತಣಿಸಿದ್ದು, ಮೊದಲ ದರ್ಜೆ.
ದನಿಯೂ ಗಂಟಲಿನ ಮಾಂಸವೇ ತಾನೆ,
ಮಾಡೇನು ಅಂದೆ.

ಮಕಮಲ್ಲಿನ ದನಿ ಸುಲಭ. ಮಕಮಲ್ಲು ಎಲ್ಲಿಯೂ ಮಕಮಲ್ಲೇ.
ಮೂಗಿನದೂ ಸುಲಭ; ಮೂಗು ಎಲ್ಲರಿಗೂ ಇದೆ.
ಅಗ್ವಾರ್ದೆಂತೋಸಾ ಎಂದರೆ
ರಾತ್ರಿಯೆಲ್ಲ ಸಾರಾಯಿಯಲ್ಲಿ ನೆನೆದ ದನಿ,
ಲಾಟರಿ ನಂಬರು ಓದುತ್ತಿದ್ದ ಪ್ರುದೆನ್ಸಿಯೊನದು.
ಇಂಗ್ಲಿಷರು ಅದಕ್ಕೆ ಜಲ್ಲಿ ಅನ್ನುತ್ತಾರೆ.
ಸುಂಕದ ಕಟ್ಟೆಯಲ್ಲಿ ಯಾರೋ ಸೀಸೆ ಬಗ್ಗಿಸಿ
ಕಲ್ಲು ತುಂಬಿ ಕಳಿಸಿದ ಹಾಗೆ.

ಇಂಪೊಸ್ತಾದಾ: ಎದೆಯಿಂದೆತ್ತಿ ಹಣೆಯ ಹಿಂದೆ
ಜಾಗ ನೋಡಿ ಕೂರಿಸಿದ ದನಿ, ವರ್ಷಗಟ್ಟಲೆ ಸಾಧಿಸಿದ್ದು.
ಅದೇ ಮುಖದ ಇಂಗ್ಲಿಷ್ ಪದವೊಂದು, ಇಂಪಾಸ್ಟರ್,
ವೇಷ ಹಾಕಿದ ಮೋಸಗಾರ,
ಒಳಗೆ ಬರಲೇ ಎಂದು ಹೊಸಿಲಲ್ಲಿ ನಿಂತಿದ್ದ. ಬೇಡ ಅಂದೆ.

ದನಿ ಒಡೆದು ಕೀರಲಾದರೆ ನಮ್ಮಲ್ಲಿ ಗಾಶೊ,
ಹುಂಜ ಹಾರಿತು ಅನ್ನುತ್ತೇವೆ.
ಮೇಯರರ ಸಂದರ್ಶನದಲ್ಲಿ ಎರ್ಮೆಲಿಂದಾಳ ಬಾಯಿಂದ ಹಾರಿತ್ತು ಒಂದು,
ಊರು ಒಂದು ವಾರ ನಕ್ಕಿತು.
ಇಂಗ್ಲಿಷರ ಗಂಟಲಲ್ಲಿ ಹುಂಜ ಇಲ್ಲ, ಕಪ್ಪೆ ಇದೆ.
ಆದರೆ ಕಪ್ಪೆ ಕೂತುಕೊಳ್ಳುವುದು, ಹುಂಜ ಹಾರುವುದು.
ಒಂದು ಮಧ್ಯಾಹ್ನ ಪೂರ್ತಿ ಹೋಯಿತು, ಹದಿನಾರು ಪೆಸೊಗೆ.

ನೂರ ತೊಂಬತ್ತೆರಡು. ದಾಲ್ಮಿರೊ ಎಚಾರ್ತ್.
ಎಪ್ಪತ್ತಮೂರು, ಜೂನ್, ಬೆಳಗಿನ ಏಳು.
ಗುಣ: ತೊಮಾದಾ.

ತೊಮಾದಾ ಎಂದರೆ ನೆಗಡಿಗೆ ಕಟ್ಟಿದ ಗಂಟಲು.
ಪದ ಬಿಡಿಸಿ ನೋಡಿದರೆ: ತೆಗೆದುಕೊಂಡದ್ದು. ವಶವಾದದ್ದು.
ಯಾರ ವಶ ಎಂದು ಆ ಪದ ಹೇಳುವುದಿಲ್ಲ.

ಟೇಪು ಹಾಕಿದೆ. ಸೈನ್ಯ ಬರೆದುಕೊಟ್ಟ ಪ್ರಕಟಣೆ.
ಇಪ್ಪತ್ತು ವರ್ಷ ನದಿಯ ಮಟ್ಟ ಹೇಳಿದ್ದು ಇದೇ ದನಿ,
ಇಂಥವರು ತೀರಿಕೊಂಡರು, ಹೂವು ತರಬೇಡಿ ಎಂದದ್ದು;
ನಮ್ಮಮ್ಮ ಹಾಲು ಒಲೆಗಿಟ್ಟು ಇದಕ್ಕೆ ಕಾಯುತ್ತಿದ್ದಳು, ಉಕ್ಕಿಸುತ್ತಿದ್ದಳು.
ಅವನು ಕೆಮ್ಮಲಿಲ್ಲ, ಮೂಗು ಏರಿಸಲಿಲ್ಲ.
ಪ್ರತಿ ವಾಕ್ಯದ ಕೊನೆಯ ಪದ ಮಾತ್ರ
ಹಗ್ಗ ಕಳಚಿದ ಕೊಡದ ಹಾಗೆ
ಕೆಳಕ್ಕೆ.

ಎವರಿಸ್ತೊನನ್ನು ಕೇಳಲು ಹೋದೆ,
ಅವನ ತಂಗಿಯ ಸೈಕಲ್ ಅಂಗಡಿಯ ಹಿಂದಿನ ಕೋಣೆಗೆ.
ಯೆರ್ಬಾ ಸೊಪ್ಪು ತುಂಬಿದ ಸೋರೆಬುರುಡೆಗೆ ಬಿಸಿನೀರು ಹೊಯ್ದು
"ನೆಗಡಿ ಇತ್ತು ಅವನಿಗೆ" ಅಂದ.
ಕೊಳವೆ ಹೀರಿ, ಮತ್ತೆ ನೀರು ಹೊಯ್ದು, ನನಗೆ ಕೊಟ್ಟ.
"ಜೂನ್ ನೋಡು. ಚಳಿ. ಊರಿಗೆಲ್ಲ ನೆಗಡಿ."
ಆಮೇಲೆ ಸೈಕಲ್ ಚೈನಿನ ಬೆಲೆ ಏರಿದ್ದರ ಬಗ್ಗೆ ಮಾತಾಡಿದೆವು.

'ವಶವಾದ ದನಿ' ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ.
ಸ್ಕಾಟ್ಲೆಂಡಿನಿಂದ ಉತ್ತರ: ಹಾಗೆ ಯಾರೂ ಅನ್ನುವುದಿಲ್ಲ,
ದಯವಿಟ್ಟು ಬಳಕೆಯ ಪದ, ಒಂದೇ.
ಅವರು ಹೇಳಿದ್ದು ಸರಿಯೇ.
ಹಾರ್ಸ್ ಎಂದು ತುಂಬಿದೆ. ಕಾಗದದ ಮೇಲೆ ಕಟ್ಟಿದ ಗಂಟಲು,
ಬಾಯಿಬಿಟ್ಟು ಓದಿದರೆ ಕುದುರೆ.
ರೇಡಿಯೊದವನಿಗೆ ಕಿವಿಯದೇ ಲೆಕ್ಕ. ಇರಲಿ,
ದಾಲ್ಮಿರೊ ಒಂದು ಕುದುರೆಯನ್ನಾದರೂ ಹತ್ತಿ ಹೋಗಲಿ.

ಚೀಟಿಯಲ್ಲಿ ಕಾಲಂ ಇಲ್ಲದ್ದು ಒಂದು ಉಳಿಯಿತು.
ಟೇಪಿನ ಮೊದಲಿಗೆ, ದನಿಗೂ ಮುಂಚೆ, ಎಂಟು ಸೆಕೆಂಡು:
ಕುರ್ಚಿ ಎಳೆದ ಸದ್ದು, ಕಾಗದ, ಒಂದು ಉಸಿರು,
ಬಾಗಿಲ ಹತ್ತಿರ ಯಾವುದೋ ಬೂಟು ಕಾಲು ಬದಲಿಸಿದ್ದು.
ಅದಕ್ಕೆ ನಾನು ದುಡ್ಡು ಹಾಕಲಿಲ್ಲ.

ನೂರ ತೊಂಬತ್ತಮೂರು: ಹೆಂಗಸು, ಅಡುಗೆ ಕಾರ್ಯಕ್ರಮ, ಮಕಮಲ್ಲು.