ಲೇಸು

ಬೆಳಗಿನ ಐದು. ಬೆತೆಲ್‌ನಲ್ಲಿ ಇನ್ನೂ ನಡುರಾತ್ರಿಯೇ.
ಮಕಾರಿ ಕುರ್ಚಿಯ ತುದಿಗೆ ಕೂತು ಕಾಲು ಚಾಚುತ್ತಾನೆ,
ನಾನು ಮಂಡಿಯೂರಿ ಅವನ ಬೂಟಿನ ಲೇಸು ಕಟ್ಟುತ್ತೇನೆ.
ಮೊದಲು ಎಡ, ಆಮೇಲೆ ಬಲ, ಎರಡೆರಡು ಗಂಟು.
ನಾವಿಬ್ಬರೂ ಮಾತಾಡುವುದಿಲ್ಲ,
ಕೆಟಲು ಮಾತ್ರ ಏನೋ ಗೊಣಗುತ್ತದೆ.

ಹದಿನಾಲ್ಕು ವಾರದಿಂದ ಹೀಗೆ.

ಅದೊಂದು ಸ್ನೋಮೊಬೈಲಿನ ಎಂಜಿನ್ನು. ನದಿಯ ಕೆಳಗಿನ ಊರಿಗೆ ಒಯ್ದಿದ್ದ.
ಇಳಿಸಿಕೊಳ್ಳಲು ಬರಬೇಕಿದ್ದ ಹುಡುಗ ಬರಲಿಲ್ಲ,
ಗಾಳಿ ಏಳುತ್ತಿತ್ತು, ಬೆಳಕು ಹೋಗುತ್ತಿತ್ತು,
ಒಬ್ಬನೇ ಬಗ್ಗಿ ಎತ್ತಿದ.
"ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು" ಅಂದ,
"ಆದರೆ ಒಳಗೆ."
ಇಪ್ಪತ್ತೆರಡು ನಿಮಿಷ ಹಾರಿಸಿಕೊಂಡು ಬಂದ.
ವಿಮಾನ ಇಳಿಯಿತು, ಇವನು ಇಳಿಯಲಿಲ್ಲ.
ಅಂಚೆಯ ಚೀಲದಂತೆ ಇಬ್ಬರು ಹಿಡಿದು ಇಳಿಸಿದರು.

ಆಸ್ಪತ್ರೆಯ ಚಿತ್ರದಲ್ಲಿ ನಾನೂ ನೋಡಿದೆ:
ಸೊಂಟದ ಹತ್ತಿರ ಎರಡು ಮಣಿ
ಮಾತು ಬಿಟ್ಟ ವಾರಗಿತ್ತಿಯರ ಹಾಗೆ,
ಒಂದು ಇತ್ತ, ಒಂದು ಅತ್ತ.
ನಡುವೆ ಸಿಕ್ಕಿಕೊಂಡ ನರ, ಪಾಪ, ಮನೆಯ ಮಗುವಿನಂತೆ.

ಮಾತ್ರೆ ಕೊಟ್ಟರು.
ನುಂಗಿದರೆ ನೋವಿಲ್ಲ,
ನುಂಗಿದವನು ಹಾರುವಂತಿಲ್ಲ.
ಡಬ್ಬಿ ಕಿಟಕಿಯಲ್ಲಿದೆ, ಮುಚ್ಚಳ ತೆರೆದಿಲ್ಲ.
ಎರಡು ವಾರ ಬಿದ್ದುಕೊಂಡವನು ಮೂರನೆಯದಕ್ಕೆ ಎದ್ದು ಹೊರಟ.
ಹಗಲು ಹಾರುತ್ತಾನೆ,
ರಾತ್ರಿ ನೆಲದ ಮೇಲೆ ಮೊಣಕಾಲು ಮಡಿಸಿ ಮಲಗುತ್ತಾನೆ.
ಹಲ್ಲು ಕಡಿಯುವ ಸದ್ದಿಗೆ ನನಗೆ ಎಚ್ಚರ.

ಊರವರು ಒಳ್ಳೆಯವರು, ಅದೇ ಕಷ್ಟ,
ಕಂಡಕಂಡಲ್ಲಿ ಬೆನ್ನು ತಟ್ಟುತ್ತಾರೆ.
ಅವನ ಬೆನ್ನಿಗೆ ಬಿದ್ದ ತಂಗಿ ಅಗಾಫ್ಯ ಫೋನಿನಲ್ಲಿ ಕೇಳುತ್ತಾಳೆ:
"ಎಲ್ಲ ಲೇಸೇ?"
ಲೇಸು ಅನ್ನುತ್ತೇನೆ,
ಕೈಯಲ್ಲಿ ಅದನ್ನೇ ಹಿಡಿದುಕೊಂಡು.

ವರ್ಷದ ತಪಾಸಣೆ ಹತ್ತಿರ ಬಂತು.
ಮೊದಲು ಕಂಪ್ಯೂಟರಿನಲ್ಲಿ ಫಾರಂ ತುಂಬಬೇಕು:
ಮೂರು ವರ್ಷದಲ್ಲಿ ಯಾವ ಡಾಕ್ಟರರನ್ನು ಕಂಡೆ, ಯಾಕೆ ಕಂಡೆ.
ಬೆರಳು ಕೀಲಿಯ ಮೇಲೆ ಇಟ್ಟುಕೊಂಡು ಕೂತ,
ಮಂಜಿನಲ್ಲಿ ರನ್‌ವೇ ಹುಡುಕುವವನಂತೆ.
"ಇಲ್ಲ ಅಂತ ಒತ್ತಿದರೆ ಯಾರಿಗೆ ಗೊತ್ತಾಗುತ್ತದೆ?"

ನಾನು ಬೇರೆಯದೇ ಹೇಳಿದೆ:
"ಸೋಮವಾರ ಕಾಲುಚೀಲ ಹಾಕುವಾಗ
ನಿನ್ನ ಎಡಗಾಲಿನ ಹೆಬ್ಬೆರಳು ಚಿವುಟಿದ್ದೆ. ಉಗುರು ಊರಿ.
ನೀನು ಕಾಫಿ ಕುಡಿಯುತ್ತಲೇ ಇದ್ದೆ."

ಅಡ್ಡಗಾಳಿಗೆ ರಡ್ಡರು ಒದೆಯುವ ಕಾಲು ಅದು.
ಹಿಂದಿನ ಸೀಟಿನಲ್ಲಿ ಹೆರಿಗೆಗೆ ಹೊರಟವಳು ಇರುತ್ತಾಳೆ,
ಬಾಸ್ಕೆಟ್‌ಬಾಲ್ ಆಡಿ ಸೋತ ಹುಡುಗರು ಇರುತ್ತಾರೆ.
ಅದನ್ನೆಲ್ಲ ನಾನು ಹೇಳಲಿಲ್ಲ.
ಅವನು ಪರದೆಗೆ ಬೆನ್ನು ತೋರಿಸಿ ಎದ್ದುಹೋದ.
ಮಧ್ಯರಾತ್ರಿ ಒಬ್ಬನೇ ಕೂತು ಟೈಪು ಮಾಡುತ್ತಿದ್ದ,
ಎರಡು ಬೆರಳಲ್ಲಿ, ಒಂದೊಂದೇ ಅಕ್ಷರ. ಎಲ್ಲವನ್ನೂ.

ಆಂಕರೇಜಿನಿಂದ ಬಂದ ಡಾಕ್ಟರ್ ಹಾಲ್ವರ್ಸನ್
ಹಿಮ್ಮಡಿಯ ಮೇಲೆ ನಡೆ ಅಂದರು.
ಎಡಪಾದ ಚಪ್ಪಟೆಯಾಗಿ ನೆಲಕ್ಕೆ ಬಡಿಯಿತು,
ಒದ್ದೆ ಮೀನು ಹಲಗೆಗೆ ಬಿದ್ದಂತೆ.
ಕೊಡುತ್ತೇನೆ ಅನ್ನಲಿಲ್ಲ, ಕೊಡುವುದಿಲ್ಲ ಅನ್ನಲಿಲ್ಲ.
ಕಡತ ಒಕ್ಲಹೋಮಕ್ಕೆ ಹೋಯಿತು.
ಅಲ್ಲಿಯವರು ಕೇಳಿದರು, ನಾವು ಕಳಿಸಿದೆವು,
ಮತ್ತೆ ಕೇಳಿದರು.
ಕಸ್ಕೊಕ್ವಿಮ್ ಒಡೆದು ಹರಿಯಿತು, ಸಾಲ್ಮನ್ ಬಂದು ಹೋಯಿತು.
ಇವನು ಕಿಟಕಿಯಲ್ಲಿ ಕೂತು, ನೋಡದೆಯೇ,
ಸದ್ದು ಕೇಳಿ ಹೇಳುತ್ತಿದ್ದ:
ಇದು ನಮ್ಮದು. ಇದು ಆ ಹೊಸ ಹುಡುಗ, ಬೇಗ ಗ್ಯಾಸು ಇಳಿಸುತ್ತಾನೆ.

ಕಾಗದ ಹೊರಟಿದೆಯಂತೆ, ಆಂಕರೇಜಿನವರೆಗೂ ಬಂದಿದೆಯಂತೆ.
ಇಲ್ಲಿ ಮೂರು ದಿನದಿಂದ ಮಂಜು, ಅಂಚೆ ಅಲ್ಲೇ ನಿಂತಿದೆ.
"ಹೌದೋ ಅಲ್ಲವೋ, ಅದನ್ನೂ ಯಾವನಾದರೂ ಹಾರಿಸಿಕೊಂಡೇ ತರಬೇಕು"
ಎಂದು ನಕ್ಕ. ಅರ್ಧಕ್ಕೇ ಸೊಂಟ ಹಿಡಿದುಕೊಂಡ.
ನಗುವುದಕ್ಕೂ ಬೆನ್ನು ಬೇಕು.

ಇವತ್ತು ಬೆಳಿಗ್ಗೆ ಐದಕ್ಕೆ ಎದ್ದ, ಹೋಗಲು ಎಲ್ಲಿಯೂ ಇಲ್ಲ.
ಬೂಟನ್ನು ಮುಂದಿಟ್ಟುಕೊಂಡು, ಬೇಡ ಅಂದ.
ನಾನು ಒಲೆಯ ಕಡೆ ತಿರುಗಿದೆ,
ಬೇಕೆಂದೇ ಮೀನನ್ನು ನಿಧಾನವಾಗಿ ಕೊಯ್ದೆ.
ಹಿಂದೆ ಕುರ್ಚಿಯ ಕಿರ್ರು. ತಡೆದ ಉಸಿರು.
ನಮ್ಮಜ್ಜಿ ಕೇಳಬಾರದಂಥ ಒಂದು ಬೈಗುಳ.
ಮತ್ತೆ ಕಿರ್ರು.

ಎಣ್ಣೆ ಕಾದು, ಹೊಗೆಯಾಡಿ, ನಾನು ಉರಿ ತಗ್ಗಿಸಿ,
ತಿರುಗಿದಾಗ
ಎಡದ ಬೂಟಿನ ಮೇಲೆ ಒಂದು ಗಂಟು.
ಸಡಿಲ. ಸೊಟ್ಟ.
ಬಲದ್ದು ಇನ್ನೂ ಹಾಗೇ ಬಿಚ್ಚಿಕೊಂಡಿತ್ತು.